ಒಲೆಯ ಮುಂದಿನ ಉದ್ಯೋಗ: ರೊಟ್ಟಿ, ಚಟ್ನಿ ಮತ್ತು ಲೆಕ್ಕದ ಪುಸ್ತಕ



ಹಿಂಗಾರಿ ಜೋಳದ ರಾಶಿ ಮುಗಿದು ಚೀಲಗಳು ಮನೆ ಸೇರುವ ಹೊತ್ತಿಗೆ ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಹಳ್ಳಿಗಳಲ್ಲಿ ಪ್ರತಿ ವರ್ಷ ಒಂದೇ ಮಾತು ಕೇಳಿಬರುತ್ತದೆ: "ಜೋಳ ಬಂತು ಫಾದರ್, ಆದರೆ ಕೈಯಾಗ ರೊಕ್ಕ ನಿಲ್ಲಲಿಲ್ಲ." ಅರ್ಧ ಜೋಳ ಅಡತಿಗೆ ಹೋಗುತ್ತದೆ, ಉಳಿದದ್ದು ವರ್ಷದ ಊಟಕ್ಕೆ. ಆದರೆ ಅದೇ ಜೋಳವನ್ನು ಸೊಲ್ಲಾಪುರದ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ನೋಡಿರಿ. ತೆಳ್ಳಗೆ ತಟ್ಟಿ, ಕಟಕ ಮಾಡಿ, ಹತ್ತು ಹತ್ತು ರೊಟ್ಟಿ ಚೀಲದಲ್ಲಿ ಕಟ್ಟಿಟ್ಟಿರುತ್ತಾರೆ. ಪಕ್ಕದಲ್ಲಿ ಕೆಂಪಗಿನ ಶೇಂಗಾ ಚಟ್ನಿ. ಪುಣೆಗೆ, ಮುಂಬಯಿಗೆ ಹೋಗುವವರು ಎರಡನ್ನೂ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಜೋಳ ನಮ್ಮದು, ತಟ್ಟುವ ಕೈ ನಮ್ಮವರದು, ಲಾಭ ಮಾತ್ರ ಬೇರೆಯವರದು.

ಹೀಗೇಕೆ? ಮನೆಯ ರೊಟ್ಟಿಯನ್ನು ಒಂದು ಸಣ್ಣ ಉದ್ಯೋಗವನ್ನಾಗಿ ಮಾಡಲು ಏನು ಬೇಕು? ಈ ಸಾರಿ ನಮ್ಮ ಅಂಕಣದಲ್ಲಿ ಇದನ್ನೇ ಪಾಠದಂತೆ ಬಿಡಿಸಿ ಹೇಳಲು ಯತ್ನಿಸುತ್ತೇವೆ. ರೊಟ್ಟಿ-ಚಟ್ನಿ ಉದಾಹರಣೆ ಮಾತ್ರ. ಹಪ್ಪಳ, ಶಾವಿಗೆ, ಹೊಲಿಗೆ, ಕೋಳಿ ಸಾಕಣೆ ಯಾವುದಕ್ಕಾದರೂ ಇದೇ ಲೆಕ್ಕ ಹೊಂದುತ್ತದೆ.

ಮೊದಲು ನಮ್ಮ ತಪ್ಪನ್ನು ಹೇಳುತ್ತೇವೆ

ಉಪದೇಶ ಮಾಡುವ ಮುಂಚೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ 11 ಮಂದಿ ತಾಯಂದಿರನ್ನು ಕೂಡಿಸಿ, "ಚಟ್ನಿ ಕುಟ್ಟಿರಿ, ಮಾರುವ ಚಿಂತೆ ನಮಗೆ ಬಿಡಿರಿ" ಎಂದು ಹುರಿದುಂಬಿಸಿದವರು ನಾವೇ. ದೂರದ ಊರಿನ ಒಂದು ಅಂಗಡಿಯಿಂದ 400 ಪೊಟ್ಟಣಗಳ ಬೇಡಿಕೆ ಬಂತು. ನಮಗೆಲ್ಲ ಹಿಗ್ಗೋ ಹಿಗ್ಗು. ತಾಯಂದಿರು ತಲಾ 500 ರೂಪಾಯಿ ಹಾಕಿದರು. ಅದು ಸಾಲದೆ ಸಾಹುಕಾರನಿಂದ ನೂರಕ್ಕೆ ತಿಂಗಳಿಗೆ ಐದರಂತೆ 10,000 ರೂಪಾಯಿ ತಂದರು. ಅಡವಿಟ್ಟದ್ದು ಒಬ್ಬ ತಾಯಿಯ ಬೆಳ್ಳಿ ಕಾಲ್ಗಡಗ.

ಆಗ ಮಳೆಗಾಲ. ಅಗ್ಗಕ್ಕೆ ಸಿಕ್ಕಿತೆಂದು ಸರಿಯಾಗಿ ಒಣಗದ ಶೇಂಗಾ ಕೊಂಡೆವು. ಅವಸರದಲ್ಲಿ ಬಿಸಿ ಆರುವ ಮೊದಲೇ ಚಟ್ನಿ ತುಂಬಿ ಬಾಯಿ ಮುಚ್ಚಿದೆವು. ಇಪ್ಪತ್ತು ದಿನಗಳಲ್ಲಿ ಡಬ್ಬಗಳು ತಿರುಗಿ ಬಂದವು. ಕೆಲವು ಕಮಟು ವಾಸನೆ ಹೊಡೆಯುತ್ತಿದ್ದವು, ಕೆಲವುಗಳಲ್ಲಿ ಹಸಿರು ಬೂಷ್ಟು. ಅಂಗಡಿಯವರು ದುಡ್ಡು ಕೊಡಲಿಲ್ಲ. ಕೊಡಬೇಕೆಂದು ಕೇಳುವ ಮುಖವೂ ನಮಗಿರಲಿಲ್ಲ. ಸಾಹುಕಾರನ ಬಡ್ಡಿ ಮಾತ್ರ ನಿಲ್ಲಲಿಲ್ಲ. ತಿಂಗಳಿಗೆ 500ರಂತೆ ಎಂಟು ತಿಂಗಳು, ಮುಂದಿನ ಜೋಳದ ರಾಶಿಯವರೆಗೆ. 10,000ಕ್ಕೆ 14,000 ತೀರಿಸಿದ ಮೇಲೆ ಆ ಕಾಲ್ಗಡಗ ಬಿಡಿಸಿದರು.

ಆ ತಾಯಂದಿರಲ್ಲಿ ಉತ್ಸಾಹಕ್ಕೆ ಕೊರತೆ ಇರಲಿಲ್ಲ, ದುಡಿಮೆಗಂತೂ ಇರಲೇ ಇಲ್ಲ. ಲೆಕ್ಕ ಮತ್ತು ತಿಳಿವಳಿಕೆ ಇರಲಿಲ್ಲ, ಅದನ್ನು ಒದಗಿಸಬೇಕಾದವರು ನಾವು. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚನ್ನು ಎಣಿಸಬೇಕೆಂಬ ಸಾಮತಿಯ ಮೇಲೆ ಎಷ್ಟೋ ಭಾನುವಾರ ಪ್ರಬೋಧನೆ ಮಾಡಿದ್ದೇವೆ. ಆದರೆ ನಾವೇ ಕುಳಿತು ಎಣಿಸಲಿಲ್ಲ. ಆದ್ದರಿಂದ ಈಗ ಎಣಿಸೋಣ.

1. ನಮ್ಮ ಹತ್ತಿರ ಏನಿದೆ?

ಉದ್ಯೋಗ ಶುರುಮಾಡುವವರು ಇಲ್ಲದ್ದನ್ನು ಹುಡುಕುತ್ತಾ ಹೋಗುತ್ತಾರೆ. ಇದ್ದದ್ದನ್ನು ಮೊದಲು ಎಣಿಸಬೇಕು.

ಸೊಲ್ಲಾಪುರ ಜಿಲ್ಲೆ ಹಿಂಗಾರಿ ಜೋಳದ ನಾಡು. ಕರಿ ನೆಲದಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿ, ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆ ತೆಗೆಯುವ ವಿದ್ಯೆ ನಮ್ಮ ಹಿರಿಯರದು. ಹೆಸರಾಂತ ಮಾಲದಂಡಿ ಎಂ 35-1 ತಳಿಯನ್ನು ಆಯ್ಕೆ ಮಾಡಿದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ, 1930ರ ದಶಕದಲ್ಲಿ. ಇಷ್ಟು ವರ್ಷಗಳಾದರೂ ರೊಟ್ಟಿಯ ರುಚಿಗೂ ದನದ ಕಣಿಕೆಗೂ ರೈತರು ಅದನ್ನು ಬಿಟ್ಟಿಲ್ಲ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ದೊರೆಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ಪಟ್ಟಣದವರೂ ಜೋಳದ ಹೆಸರು ಹೇಳತೊಡಗಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ, ಗೋಧಿ ಒಗ್ಗದವರಿಗೆ ವೈದ್ಯರು ಜೋಳದ ರೊಟ್ಟಿ ಹೇಳುವುದುಂಟು. ಜೋಳದಲ್ಲಿ ಗೋಧಿಯ ಅಂಟು ಇಲ್ಲ, ನಾರು ಚೆನ್ನಾಗಿದೆ. ಹಾಗೆಂದು ಸಕ್ಕರೆ ಕಾಯಿಲೆಯವರು ಮನಸ್ಸು ಬಂದಷ್ಟು ತಿನ್ನಬಹುದೆಂದು ಅರ್ಥವಲ್ಲ. "ಇದು ರೋಗ ವಾಸಿ ಮಾಡುತ್ತದೆ" ಎಂದು ಹೇಳಿ ಮಾರುವುದು ಸುಳ್ಳು, ಅದು ಬೇಡ.

ಇನ್ನು ಗಿರಾಕಿ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ವರ್ಷವಿಡೀ ಜನ ಬರುತ್ತಾರೆ. ಗುರುವಾರ, ಹುಣ್ಣಿಮೆ, ದತ್ತ ಜಯಂತಿಗೆ ಇನ್ನೂ ಹೆಚ್ಚು. ಅನೇಕರು ಅಲ್ಲಿಂದ ಗಾಣಗಾಪುರಕ್ಕೂ ಹೋಗುತ್ತಾರೆ. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ದೂರದಿಂದ ಬಂದವರಿಗೆ ಊರಿನ ತಿನಿಸೊಂದನ್ನು ಕೊಂಡೊಯ್ಯುವ ಆಸೆ ಇರುತ್ತದೆ. ಕಟಕ ರೊಟ್ಟಿ ಕೆಡದೆ ದಿನಗಟ್ಟಲೆ ಇರುತ್ತದೆ, ಭಾರವಿಲ್ಲ. ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ಸರಕು ಯಾವುದು?

ಹನ್ನೆರಡನೆಯ ಶತಮಾನದಲ್ಲಿ ಇದೇ ಊರಿನಲ್ಲಿ ಕೆರೆ ಕಟ್ಟಿಸಿ, ಕನ್ನಡದಲ್ಲಿ ವಚನ ಬರೆದ ಸಿದ್ಧರಾಮರ ನಾಡಿನವರು ನಾವು. ಕಾಯಕದ ಮಾತು ಇಲ್ಲಿನವರಿಗೆ ಹೊಸದಲ್ಲ.

2. ಮೊದಲು ಗಿರಾಕಿ, ಆಮೇಲೆ ಒಲೆ

ಸರಕು ಮಾಡಿ ಆಮೇಲೆ ಕೊಳ್ಳುವವರನ್ನು ಹುಡುಕುವುದು ಬಾವಿಗೆ ಬಿದ್ದ ಮೇಲೆ ಹಗ್ಗ ಹುಡುಕಿದಂತೆ. ನಾಲ್ಕು ಗುರುವಾರ ಅಕ್ಕಲಕೋಟೆಗೆ ಹೋಗಿ ಸುಮ್ಮನೆ ನೋಡಿರಿ. ಯಾವ ಅಂಗಡಿಯಲ್ಲಿ ರೊಟ್ಟಿ ಇದೆ? ಚೀಲದಲ್ಲಿ ಎಷ್ಟು, ಬೆಲೆ ಎಷ್ಟು? ಮುರಿದದ್ದು ಎಷ್ಟು? ಯಾವ ಹೊತ್ತಿಗೆ ಹೆಚ್ಚು ಮಾರಾಟ? ಕೊಂಡವರು ಮತ್ತೇನು ಕೇಳುತ್ತಾರೆ? ಮನೆಗೆ ಬಂದ ಕೂಡಲೇ ಬರೆದಿಡಿರಿ.

ಐದನೆಯ ವಾರ ಐದು ಕಿಲೋ ಜೋಳದ ರೊಟ್ಟಿ ಮಾಡಿ ಒಯ್ಯಿರಿ, ಹೆಚ್ಚು ಬೇಡ. ಮಾರಾಟವಾಗದಿದ್ದರೆ ಮನೆಯವರು ತಿನ್ನುತ್ತಾರೆ, ನಷ್ಟ ಸಣ್ಣದು. ಮಾರಾಟವಾದರೆ ಯಾರು ಕೊಂಡರು, ಯಾಕೆ ಕೊಂಡರು ಎಂದು ಕೇಳಿರಿ. ನೆಂಟರು, ನೆರೆಯವರು "ಬಲು ಚಲೋ ಐತಿ" ಎಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ಅವರದು ಪ್ರೀತಿಯ ಮಾತು. ಗುರುತಿಲ್ಲದವರು ಎರಡನೆಯ ಸಾರಿ ದುಡ್ಡು ಕೊಟ್ಟು ಕೊಂಡರೆ ಅದು ಪರೀಕ್ಷೆಯಲ್ಲಿ ಪಾಸಾದಂತೆ.

3. ನಿಮ್ಮ ಕೈಗೂ ಕೂಲಿ ಇದೆ

ಇದೇ ಎಲ್ಲಕ್ಕಿಂತ ಮುಖ್ಯವಾದ ಪಾಠ. ದಯವಿಟ್ಟು ಕಾಗದ-ಪೆನ್ನು ತೆಗೆದುಕೊಂಡು ಓದಿರಿ. ಇಲ್ಲಿನ ದರಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ಊರಿನ ದರ ಹಾಕಿಕೊಳ್ಳಿರಿ.

10 ಕಿಲೋ ಜೋಳ. ಒಂದು ತೆಳು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 200 ರೊಟ್ಟಿ. ಒಡೆದದ್ದು, ಕರಕಾದದ್ದು 20 ತೆಗೆದರೆ 180. ಹತ್ತರಂತೆ ಕಟ್ಟಿದರೆ 18 ಚೀಲ.

ಜೋಳ, ಕಿಲೋಗೆ 40ರಂತೆ: 400 ರೂ.
ಬೀಸುವ ಗಿರಣಿ: 50 ರೂ.
ಉರುವಲು: 150 ರೂ.
ಚೀಲ ಮತ್ತು ಚೀಟಿ, 5ರಂತೆ 18: 90 ರೂ.
ಬಸ್ಸಿನ ಖರ್ಚು: 60 ರೂ.
ಒಟ್ಟು: 750 ರೂ.

ಅಂಗಡಿಯವರು ಚೀಲಕ್ಕೆ 60 ರೂಪಾಯಿ ಕೊಡುತ್ತಾರೆಂದು ಇಟ್ಟುಕೊಳ್ಳಿರಿ. 18 ಚೀಲಕ್ಕೆ 1,080 ರೂಪಾಯಿ. 750 ಕಳೆದರೆ 330 ಉಳಿಯಿತು. ಮನೆಯಲ್ಲಿ ಎಲ್ಲರಿಗೂ ಸಂತೋಷ. "ದಿನಕ್ಕೆ 330 ಲಾಭ!"

ನಿಲ್ಲಿರಿ. 200 ರೊಟ್ಟಿ ತಟ್ಟಲು ಅತ್ತೆ-ಸೊಸೆ ಇಬ್ಬರೂ ಮುಂಜಾನೆಯಿಂದ ಮೂರು ಹೊತ್ತು ಒಲೆಯ ಮುಂದೆ ಕುಳಿತಿದ್ದಾರೆ. ಅದೇ ದಿನ ಇನ್ನೊಬ್ಬರ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದರೆ ತಲಾ 300 ರೂಪಾಯಿ ಕೂಲಿ ಬರುತ್ತಿತ್ತು ಎನ್ನೋಣ. ಇಬ್ಬರಿಗೆ 600. ಅದನ್ನು ಸೇರಿಸಿದರೆ ಖರ್ಚು 1,350. ಬಂದದ್ದು 1,080. ಅಂದರೆ ಲಾಭ 330 ಅಲ್ಲ, ನಷ್ಟ 270.

ಈ 270 ರೂಪಾಯಿ ಯಾರ ಜೇಬಿನಿಂದ ಹೋಯಿತು? ಯಾರ ಜೇಬಿನಿಂದಲೂ ಹೋಗಲಿಲ್ಲ, ಆ ಇಬ್ಬರು ತಾಯಂದಿರ ರಟ್ಟೆಯಿಂದ ಹೋಯಿತು. ಆದ್ದರಿಂದಲೇ ಯಾರಿಗೂ ಕಾಣಿಸಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸಿನ ದುಡಿಮೆಗೆ ಬೆಲೆ ಕಟ್ಟುವ ರೂಢಿಯೇ ಇಲ್ಲ. ಉದ್ಯೋಗದಲ್ಲಿಯೂ ಅದೇ ರೂಢಿ ಮುಂದುವರಿದರೆ ಆ ಉದ್ಯೋಗ ಬೆಳೆದಷ್ಟೂ ಆಕೆ ಸವೆಯುತ್ತಾಳೆ.

ಈಗ ಸರಿಯಾದ ಬೆಲೆ ನೋಡೋಣ. 1,350 ಖರ್ಚನ್ನು 18 ಚೀಲಕ್ಕೆ ಹಂಚಿದರೆ ಚೀಲಕ್ಕೆ 75 ರೂಪಾಯಿ. ಇದು ಅಸಲು. ಇದಕ್ಕಿಂತ ಕಡಿಮೆಗೆ ಕೊಡುವುದೆಂದರೆ ನಮ್ಮ ಕೂಲಿಯನ್ನು ದಾನ ಮಾಡಿದಂತೆ. ಯಾತ್ರಿಕರಿಗೆ ನೇರವಾಗಿ 90ಕ್ಕೆ ಮಾರಿದರೆ 1,620 ಬರುತ್ತದೆ. ಕೂಲಿಯೂ ಬಂತು, ಮೇಲೆ 270 ಲಾಭವೂ ಬಂತು. ಅಂಗಡಿಗೆ ಕೊಡುವುದಾದರೆ 80ಕ್ಕಿಂತ ಕೆಳಗೆ ಇಳಿಯಬಾರದು. 80ಕ್ಕೆ ಒಪ್ಪದಿದ್ದರೆ ಕೈ ಮುಗಿದು ಬೇರೆ ಅಂಗಡಿಗೆ ಹೋಗಬೇಕು.

ಇನ್ನೊಂದು ಮೋಸದ ಮಾತಿದೆ: "ಜೋಳ ಮನೆಯದೇ, ಅದಕ್ಕೇನು ಖರ್ಚು?" ಮನೆಯ ಜೋಳವನ್ನು ಅಡತಿಯಲ್ಲಿ ಮಾರಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಖರ್ಚಿನಲ್ಲಿ ಬರೆಯಲೇಬೇಕು. ಇಲ್ಲದಿದ್ದರೆ ಹೊಲದ ಲಾಭವನ್ನು ರೊಟ್ಟಿಯ ಲಾಭವೆಂದು ತಿಳಿದು ಮೋಸಹೋಗುತ್ತೇವೆ.

4. ಬಂಡವಾಳ ಎಲ್ಲಿಂದ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೊದಲ ಬಂಡವಾಳ ಉಳಿತಾಯದ್ದೇ ಆಗಿರಲಿ. ಹತ್ತು ಕಿಲೋ ಜೋಳ, ಮನೆಯಲ್ಲೇ ಇರುವ ಹಂಚು, ಕೊಣಮಿಗೆ, ಒರಳು. ಶುರುಮಾಡಲು ಸಾಲವೇ ಬೇಡ. ಸಾಲ ಬೇಕಾಗುವುದು ಬೆಳೆಸುವಾಗ.

ಸಾಹುಕಾರನ ನೂರಕ್ಕೆ ಐದು ಎಂಬುದು ಕೇಳಲು ಸಣ್ಣದು. ಆದರೆ ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ 60 ಆಯಿತು. 10,000ಕ್ಕೆ ವರ್ಷಕ್ಕೆ 6,000 ಬಡ್ಡಿ. ವರ್ಷಕ್ಕೆ ನೂರಕ್ಕೆ 12ರ ಸಾಲವಾದರೆ ಅದೇ 10,000ಕ್ಕೆ 1,200 ಮಾತ್ರ. ವರ್ಷಕ್ಕೆ ನೂರಕ್ಕೆ 60 ಲಾಭ ತರುವ ರೊಟ್ಟಿಯ ಉದ್ಯೋಗ ಎಲ್ಲಿದೆ? ಇಲ್ಲವೆಂದ ಮೇಲೆ ಆ ಸಾಲ ತೀರುವುದು ಹೊಲದಿಂದ ಇಲ್ಲವೇ ಮೈಮೇಲಿನ ಒಡವೆಯಿಂದ. ಲೇವಾದೇವಿಯವರು ಪರವಾನಿಗೆ ಪಡೆದು, ಗೊತ್ತುಮಾಡಿದ ಬಡ್ಡಿಗೇ ಕೊಡಬೇಕೆಂದು ಮಹಾರಾಷ್ಟ್ರದಲ್ಲಿ 2014ರ ಕಾಯಿದೆಯೇ ಇದೆ. ಚೀಟಿಯಿಲ್ಲದ ಸಾಲ, ಖಾಲಿ ಕಾಗದಕ್ಕೆ ಸಹಿ ಇವೆರಡಕ್ಕೂ ಕೈ ಹಾಕಬೇಡಿರಿ.

ಇದಕ್ಕಿಂತ ಒಳ್ಳೆಯ ದಾರಿಗಳು ಇವೆ. ಹತ್ತರಿಂದ ಇಪ್ಪತ್ತು ತಾಯಂದಿರ ಸ್ವಸಹಾಯ ಗುಂಪು ಕಟ್ಟಿ, ವಾರವಾರ ಉಳಿಸಿ, ತಮ್ಮೊಳಗೆ ಸಾಲ ಕೊಟ್ಟು-ತೀರಿಸಿ ಅಭ್ಯಾಸ ಮಾಡಿಕೊಂಡರೆ ಬ್ಯಾಂಕು ಅಂಥ ಗುಂಪಿಗೆ ಸಾಲ ಕೊಡುತ್ತದೆ. ನಬಾರ್ಡ್ ಈ ಪದ್ಧತಿಯನ್ನು 1992ರಲ್ಲಿ ಪ್ರಯೋಗವಾಗಿ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಮಾವಿಮ್ ಮತ್ತು ಉಮೇದ್ ಎಂಬ ಸಂಸ್ಥೆಗಳು ಇಂಥ ಗುಂಪುಗಳೊಡನೆ ಕೆಲಸ ಮಾಡುತ್ತವೆ. ಪಂಚಾಯತ ಸಮಿತಿಯ ಕಚೇರಿಯಲ್ಲಿ ವಿಚಾರಿಸಿರಿ. ಒಬ್ಬಂಟಿಯಾಗಿ ಮಾಡುವವರಿಗೆ 2015ರಲ್ಲಿ ಆರಂಭವಾದ ಮುದ್ರಾ ಯೋಜನೆ ಇದೆ. ಅದರ ಶಿಶು ವರ್ಗದಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ಅಡವು ಇಡಬೇಕಾಗಿಲ್ಲ. ಆದರೆ ನೆನಪಿಡಿರಿ, ಸರಕಾರದ ಸಾಲವೂ ಸಾಲವೇ. ಸಬ್ಸಿಡಿ ಬರುತ್ತದೆಂದು ಬೇಡವಾದ ಯಂತ್ರ ಕೊಂಡು ಮೂಲೆಗೆ ಹಾಕಿದವರು ಪ್ರತಿ ಊರಿನಲ್ಲೂ ಇದ್ದಾರೆ.

5. ತಿನ್ನುವವರ ಆರೋಗ್ಯ

ಒಂದು ಸೀರೆಯ ಬಣ್ಣ ಹೋದರೆ ಗಿರಾಕಿ ಬೈಯುತ್ತಾನೆ. ತಿನಿಸು ಕೆಟ್ಟರೆ ಆತನ ಮಗು ಮಲಗುತ್ತದೆ. ಆದ್ದರಿಂದ ಈ ಭಾಗವನ್ನು ಎರಡು ಸಾರಿ ಓದಿರಿ.

ಶೇಂಗಾ: ತೇವವಿರುವ ಶೇಂಗಾದಲ್ಲಿ ಹಳದಿ-ಹಸಿರು ಬೂಷ್ಟು ಬೆಳೆಯುತ್ತದೆ. ಅದು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಈ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಬಹುಕಾಲ ತಿಂದರೆ ಅಲ್ಲಿ ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುರಿದರೆ ಬೂಷ್ಟು ಸಾಯಬಹುದು, ಆದರೆ ವಿಷ ಪೂರ್ತಿ ಹೋಗುವುದಿಲ್ಲ. ಖಾರ, ಬೆಳ್ಳುಳ್ಳಿ ಹಾಕಿದರೆ ವಾಸನೆ ಮುಚ್ಚಬಹುದು, ವಿಷ ಮುಚ್ಚುವುದಿಲ್ಲ. ಹಾಗಾಗಿ ಕೊಳ್ಳುವಾಗ ಕಾಯಿ ಅಲ್ಲಾಡಿಸಿ ನೋಡಿರಿ, ಬೀಜ ಗಿಲಕಿಯಂತೆ ಸದ್ದು ಮಾಡಬೇಕು. ಬೀಜ ಕಚ್ಚಿದರೆ ಟಕ್ಕೆಂದು ಮುರಿಯಬೇಕು, ಮೆತ್ತಗಿರಬಾರದು. ಸುಕ್ಕಿದ್ದು, ಬಣ್ಣಗೆಟ್ಟದ್ದು, ಒಡೆದದ್ದು, ಕಹಿಯಾದದ್ದು ಒಂದೊಂದಾಗಿ ಆರಿಸಿ ತೆಗೆಯಿರಿ. ತೆಗೆದದ್ದನ್ನು ಎಮ್ಮೆಗೆ ಹಾಕಬೇಡಿರಿ. ಆ ವಿಷ ಹಾಲಿನಲ್ಲಿಯೂ ಬರುತ್ತದೆ, ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ. ಸುಟ್ಟುಬಿಡಿರಿ ಇಲ್ಲವೇ ಹೂಳಿರಿ.

ಚಟ್ನಿ: ಚಟ್ನಿಯಲ್ಲಿ ಶೇಂಗಾದ ಎಣ್ಣೆ ಹೊರಬರುತ್ತದೆ. ಎಣ್ಣೆಗೆ ಗಾಳಿ, ಬೆಳಕು, ಸೆಕೆ ಮೂರೂ ವೈರಿಗಳು. ಕಮಟು ಬರುವುದು ಇದರಿಂದಲೇ. ಕುಟ್ಟಿದ್ದನ್ನು ಹರಡಿ ಪೂರ್ತಿ ಆರಿಸಿ, ಆಮೇಲೆ ತುಂಬಿರಿ. ಬಿಸಿ ಇರುವಾಗ ಬಾಯಿ ಮುಚ್ಚಿದರೆ ಒಳಗೆ ಹಬೆ ನೀರಾಗಿ ಬೂಷ್ಟಿಗೆ ಹಾಸಿಗೆ ಹಾಸುತ್ತದೆ. ನಮ್ಮ 400 ಪೊಟ್ಟಣ ಕೆಟ್ಟದ್ದು ಹೀಗೆಯೇ. ಒದ್ದೆ ಚಮಚ, ಒದ್ದೆ ಕೈ ಸೋಕಿಸಬೇಡಿರಿ. ಪ್ರತಿ ಸಾರಿ ಮಾಡಿದ ಚಟ್ನಿಯಲ್ಲಿ ಒಂದು ಪೊಟ್ಟಣವನ್ನು ಮನೆಯಲ್ಲೇ ತಾರೀಖು ಬರೆದಿಟ್ಟು, ವಾರಕ್ಕೊಮ್ಮೆ ಮೂಸಿ, ರುಚಿ ನೋಡಿರಿ. ಎಷ್ಟು ದಿನ ಬಾಳುತ್ತದೆಂದು ನಿಮಗೇ ತಿಳಿಯುತ್ತದೆ. ಅದಕ್ಕಿಂತ ಕಡಿಮೆ ದಿನವನ್ನೇ ಚೀಟಿಯ ಮೇಲೆ ಬರೆಯಿರಿ.

ರೊಟ್ಟಿ: ಜೋಳದ ಹಿಟ್ಟು ಹಳತಾದಷ್ಟೂ ಕಹಿಯಾಗುತ್ತದೆ, ರೊಟ್ಟಿ ತಟ್ಟುವಾಗ ಬಿರಿಯುತ್ತದೆ. ಬೇಕಾದಷ್ಟನ್ನೇ ಬೀಸಿಸಿರಿ. ಬಿಸಿನೀರಿನಲ್ಲಿ ಕಲಸಿ, ತೆಳ್ಳಗೆ ತಟ್ಟಿ, ಬೇಯಿಸಿದ ಮೇಲೆ ಸಣ್ಣ ಉರಿಯ ಪಕ್ಕ ನಿಲ್ಲಿಸಿ ನಿಧಾನವಾಗಿ ಒಣಗಿಸಬೇಕು. ನಡುವೆ ಮೆತ್ತಗಿದ್ದರೆ ಅಲ್ಲಿಂದಲೇ ಕೆಡುತ್ತದೆ. ಮಳೆಗಾಲದಲ್ಲಿ ಕಡಿಮೆ ಮಾಡಿ, ಬೇಗ ಮಾರಿರಿ.

6. ಮಾಡುವವರ ಆರೋಗ್ಯ

ದಿನವಿಡೀ ಒಲೆಯ ಮುಂದೆ ಕುಳಿತವಳ ಎದೆಗೆ ಹೋಗುವ ಹೊಗೆ ಬೀಡಿಯ ಹೊಗೆಗಿಂತ ಕಡಿಮೆಯದಲ್ಲ. ಕೆಮ್ಮು, ದಮ್ಮು, ಕಣ್ಣುರಿ ಇದರಿಂದ ಬರುತ್ತವೆ. ಒಲೆಗೆ ಹೊಗೆಕೊಳವೆ ಇಡಿಸಿರಿ, ಇಲ್ಲವೇ ಗ್ಯಾಸಿಗೆ ಬದಲಿಸಿ ಅದನ್ನು ಖರ್ಚಿನಲ್ಲಿ ಬರೆಯಿರಿ. ಒಣ ಕಟ್ಟಿಗೆಯನ್ನೇ ಉಪಯೋಗಿಸಿರಿ. ಒಲೆಯ ಹತ್ತಿರ ಕೂಸನ್ನು ಮಲಗಿಸಬೇಡಿರಿ. ಗಂಟೆಗೊಮ್ಮೆ ಎದ್ದು ಸೊಂಟ ನೆಟ್ಟಗೆ ಮಾಡಿ, ನೀರು ಕುಡಿಯಿರಿ. ಇಬ್ಬರಿದ್ದರೆ ತಟ್ಟುವವರು, ಬೇಯಿಸುವವರು ಅದಲುಬದಲಾಗಿರಿ, ಮಣಿಕಟ್ಟಿಗೆ ವಿಶ್ರಾಂತಿ ಸಿಗುತ್ತದೆ. ಎತ್ತರದ ಕಟ್ಟೆಯ ಮೇಲೆ ಒಲೆ ಇದ್ದರೆ ಇನ್ನೂ ಒಳ್ಳೆಯದು.

ಉಗುರು ಕತ್ತರಿಸಿ, ತಲೆಗೆ ಬಟ್ಟೆ ಕಟ್ಟಿ, ಸಾಬೂನಿನಿಂದ ಕೈ ತೊಳೆದು ಕೂಡಬೇಕು. ಭೇದಿ, ಕೆಮ್ಮು, ಕೈಯಲ್ಲಿ ಹುಣ್ಣು ಇದ್ದವರಿಗೆ ಅಂದು ರಜೆ.

7. ಚೀಟಿ, ನೋಂದಣಿ, ಉದ್ರಿ

ಆಹಾರ ಮಾರುವವರು 2006ರ ಆಹಾರ ಸುರಕ್ಷಾ ಕಾಯಿದೆಯಂತೆ ನೋಂದಣಿ ಮಾಡಿಸಬೇಕು. ಸಣ್ಣವರಿಗೆ ಇದು ಸುಲಭ, ಖರ್ಚೂ ಅಲ್ಪ. ಹೆದರಿ ತಪ್ಪಿಸಿಕೊಂಡರೆ ಯಾವ ಒಳ್ಳೆಯ ಅಂಗಡಿಯೂ ನಿಮ್ಮ ಸರಕು ಇಡುವುದಿಲ್ಲ. ಚೀಟಿಯ ಮೇಲೆ ಸರಕಿನ ಹೆಸರು, ಏನೇನು ಹಾಕಿದೆ, ತೂಕ, ಬೆಲೆ, ಮಾಡಿದ ತಾರೀಖು, ಎಷ್ಟು ದಿನ ಬಾಳುತ್ತದೆ, ಮಾಡಿದವರ ವಿಳಾಸ, ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇರಲಿ. ಕೆಲವರಿಗೆ ಶೇಂಗಾ ಒಗ್ಗುವುದಿಲ್ಲ, ಆದ್ದರಿಂದ ಶೇಂಗಾ ಇದೆ ಎಂಬುದನ್ನು ಎದ್ದುಕಾಣುವಂತೆ ಬರೆಯಿರಿ. ಮರಾಠಿ, ಕನ್ನಡ ಎರಡರಲ್ಲೂ ಬರೆದರೆ ನಮ್ಮ ಕಡೆ ಎಲ್ಲರೂ ಓದುತ್ತಾರೆ.

ಉದ್ರಿಯ ವಿಷಯ: ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಸಣ್ಣ ಉದ್ಯೋಗ ಸಾಯುವುದು ನಷ್ಟದಿಂದಲ್ಲ, ಎಷ್ಟೋ ಸಾರಿ ಉದ್ರಿಯಿಂದ. ಪುಸ್ತಕದಲ್ಲಿ ಲಾಭ ಇರುತ್ತದೆ, ನಾಳೆಯ ಜೋಳಕ್ಕೆ ಡಬ್ಬಿಯಲ್ಲಿ ರೊಕ್ಕ ಇರುವುದಿಲ್ಲ. ಅಂಗಡಿಗೆ ಕೊಡುವಾಗ, ಹಿಂದಿನ ಸರಕಿನ ಹಣ ಬಂದ ಮೇಲೆಯೇ ಮುಂದಿನದು ಎಂಬ ನಿಯಮ ಇಟ್ಟುಕೊಳ್ಳಿರಿ. ನೆಂಟರಿಗೂ ಇದೇ ನಿಯಮ. ಧರ್ಮಕೇಂದ್ರದ ಗುರುಗಳಿಗೂ ಇದೇ ನಿಯಮ!

ಮನೆಯ ಖರ್ಚು, ಉದ್ಯೋಗದ ಹಣ ಒಂದೇ ಗಂಟಿನಲ್ಲಿ ಇಡಬಾರದು. ಮೂರು ಡಬ್ಬಿ ಮಾಡಿರಿ. ಒಂದರಲ್ಲಿ ಸಾಮಾನಿನ ಹಣ, ಒಂದರಲ್ಲಿ ಕೂಲಿ, ಒಂದರಲ್ಲಿ ಲಾಭ. ಸಾಮಾನಿನ ಡಬ್ಬಿಯಿಂದ ಹಬ್ಬದ ಸೀರೆ ಬರಬಾರದು. ಕೂಲಿಯ ಡಬ್ಬಿ ತಟ್ಟಿದವರದು. ಅದಕ್ಕೆ ಮನೆಯ ಗಂಡಸರು ಕೈ ಹಾಕಬಾರದು ಎಂದು ಸ್ಪಷ್ಟವಾಗಿಯೇ ಹೇಳುತ್ತೇವೆ.

8. ಯಾವಾಗ ಬೆಳೆಸಬೇಕು?

ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಮೂರು ತಿಂಗಳಿಂದ ಸರಕು ಉಳಿಯದೆ ಮಾರಾಟವಾಗುತ್ತಿದೆಯೇ? ಕೂಲಿ ಕಳೆದ ಮೇಲೂ ಲಾಭದ ಡಬ್ಬಿ ತುಂಬುತ್ತಿದೆಯೇ? ಒಂದು ತಿಂಗಳು ಮಾರಾಟ ನಿಂತರೂ ತಡೆದುಕೊಳ್ಳಲು ಹಣ ಇದೆಯೇ? ಮೂರಕ್ಕೂ ಹೌದು ಎಂದರೆ ಮಾತ್ರ ಮುಂದಿನ ಹೆಜ್ಜೆ. ದೊಡ್ಡ ಬೇಡಿಕೆ ಬಂದರೆ ಹಿಗ್ಗಬೇಡಿರಿ, ಹೆದರಿರಿ. "ಈಗ ನೂರು ಕೊಡುತ್ತೇವೆ, ಮುಂದಿನ ತಿಂಗಳು ಇನ್ನೂ ನೂರು" ಎನ್ನಲು ಕಲಿಯಿರಿ. ಒಬ್ಬನೇ ಗಿರಾಕಿಯನ್ನು ನಂಬಬೇಡಿರಿ. ಒಂದೇ ಗಿರಣಿಯನ್ನು ನಂಬಿದ್ದ ಸೊಲ್ಲಾಪುರದ ಓಣಿಗಳಿಗೆ ಗಿರಣಿ ಮುಚ್ಚಿದಾಗ ಏನಾಯಿತೆಂದು ಹಿರಿಯರನ್ನು ಕೇಳಿರಿ.

ಕೂಡಿ ಮಾಡುವುದರ ಬಲವನ್ನೂ ಹೇಳಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆಗಳಲ್ಲಿ ಅದೊಂದು. ಮಂಗಳೂರಿನ ಕಥೋಲಿಕರು 1912ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿದರು. ದೂರದ ಕೆನಡಾ ದೇಶದ ಆಂಟಿಗೊನಿಶ್ ಎಂಬಲ್ಲಿ ಮೋಸೆಸ್ ಕೋಡಿ ಎಂಬ ಗುರುಗಳು 1928ರಿಂದ ಬಡ ಮೀನುಗಾರರನ್ನೂ ರೈತರನ್ನೂ ಸಣ್ಣ ಸಣ್ಣ ಅಧ್ಯಯನ ಕೂಟಗಳಲ್ಲಿ ಕೂಡಿಸಿದರು. ಮೊದಲು ಓದು, ಲೆಕ್ಕ, ಚರ್ಚೆ. ಆಮೇಲೆ ಸಹಕಾರಿ ಸಂಘ. ನಾವು ಮಾಡಿದ್ದು ಇದರ ತಲೆಕೆಳಗು.

ಹತ್ತಿರದ ಉದಾಹರಣೆ ಮುಂಬಯಿಯ ಲಿಜ್ಜತ್ ಹಪ್ಪಳ. 1959ರ ಮಾರ್ಚ್ 15ರಂದು ಗಿರಗಾಂವದ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ದಾನ ಬೇಡ, ನಷ್ಟವಾದರೂ ನಾವೇ ಹೊರುತ್ತೇವೆ ಎಂದರು. ಶುರುವಿನಲ್ಲಿ ಅಗ್ಗದ್ದು ಒಂದು, ಒಳ್ಳೆಯದು ಒಂದು ಹೀಗೆ ಎರಡು ತರಹ ಮಾಡುತ್ತಿದ್ದರು. ಒಂದೇ ಉತ್ತಮ ಗುಣಮಟ್ಟ ಇಟ್ಟುಕೊಳ್ಳಿರಿ, ಲೆಕ್ಕ ಸರಿಯಾಗಿ ಇಡಿರಿ ಎಂದು ಹಿತೈಷಿಯಾದ ಛಗನಲಾಲ್ ಪಾರೇಖರು ಹೇಳಿದ್ದನ್ನು ಪಾಲಿಸಿದರು. ಇಂದು ಆ ಸಂಸ್ಥೆಯಲ್ಲಿ ಸಾವಿರಾರು ಮಂದಿ ಸೋದರಿಯರಿದ್ದಾರೆ. ಗಮನಿಸಿರಿ, ನಾಲ್ಕು ಪೊಟ್ಟಣದಿಂದ ಶುರು. ನಮ್ಮದು 400ರಿಂದ ಶುರುವಾಗಿತ್ತು.

ಕೊನೆಯ ಮಾತು

ಆ 11 ಮಂದಿಯಲ್ಲಿ ನಾಲ್ವರು ಆಮೇಲೆ ಮತ್ತೆ ಕೂಡಿದರು. ಈ ಸಾರಿ ಐದು ಕಿಲೋದಿಂದ, ಸಾಲವಿಲ್ಲದೆ. ಬೇಸಿಗೆಯಲ್ಲಿ ಚಟ್ನಿ, ರೊಟ್ಟಿ ಎರಡೂ. ಮಳೆಗಾಲದಲ್ಲಿ ರೊಟ್ಟಿ ಮಾತ್ರ. ಗುರುವಾರ ಅಕ್ಕಲಕೋಟೆಯಲ್ಲಿ ಮಾರಾಟ. ಶ್ರೀಮಂತರೇನೂ ಆಗಿಲ್ಲ. ಮಕ್ಕಳ ಶಾಲೆಯ ಫೀ, ಎಣ್ಣೆ-ಸಾಬೂನಿನ ಖರ್ಚಿಗೆ ಯಾರ ಮುಂದೆಯೂ ಕೈ ಚಾಚುವುದಿಲ್ಲ. ಪುಸ್ತಕ ಬರೆಯುವವಳು ಅವರಲ್ಲೊಬ್ಬರ ಮಗಳು, ಹತ್ತನೆಯ ತರಗತಿ ಓದಿದವಳು. ನಾವು ಲೆಕ್ಕ ನೋಡಲು ಹೋದರೆ, "ಕೂಲಿ ಮೊದಲ ಬರದೀನಿ ಫಾದರ್" ಎಂದು ನಗುತ್ತಾಳೆ.

ಕಾಲ್ಗಡಗದ ತಾಯಿ ಮಾತ್ರ ಮರಳಿ ಬರಲಿಲ್ಲ. ಕರೆದಾಗಲೆಲ್ಲ "ಸಾಕ್ರೀ ಫಾದರ್" ಎನ್ನುತ್ತಾರೆ. ಅವರ ಮೇಲೆ ನಮಗೆ ಬೇಸರವಿಲ್ಲ. ಒಮ್ಮೆ ಸುಟ್ಟ ಕೈ ಒಲೆಗೆ ಹೆದರುವುದು ಸಹಜ. ಬಡವರ ಮನೆಯಲ್ಲಿ ಪ್ರಯೋಗ ಮಾಡುವವರು ಬಲು ಎಚ್ಚರದಿಂದ ಮಾಡಬೇಕೆಂದು ನಮಗೆ ಕಲಿಸಿದವರು ಅವರೇ. ಆದುದರಿಂದ ನಿಮ್ಮಲ್ಲಿ ಯಾರಾದರೂ ಉದ್ಯೋಗ ಆರಂಭಿಸಬೇಕೆಂದಿದ್ದರೆ ಮೊದಲು ಲೆಕ್ಕದ ಪುಸ್ತಕದೊಡನೆ ಬನ್ನಿರಿ, ಕೂಡಿ ಕುಳಿತು ಎಣಿಸೋಣ. ಆಶೀರ್ವಾದ ಆಮೇಲೆ ಇದ್ದೇ ಇದೆ.

ಮನೆಯಲ್ಲಿ, ಸಂಘದಲ್ಲಿ ಚರ್ಚಿಸಲು:

1. ನಮ್ಮ ಮನೆಯಲ್ಲಿ ಮಾರಬಹುದಾದ ಯಾವ ಕೌಶಲವಿದೆ? ಅದನ್ನು ಯಾರು ಕೊಳ್ಳುತ್ತಾರೆ, ಎಲ್ಲಿ?
2. 10 ಕಿಲೋ ರೊಟ್ಟಿಯ ಲೆಕ್ಕವನ್ನು ನಮ್ಮ ಊರಿನ ದರದಲ್ಲಿ ಮಾಡಿ ನೋಡಿದರೆ ಅಸಲು ಎಷ್ಟಾಗುತ್ತದೆ?
3. ನಮ್ಮ ಮನೆಯ ತಾಯಂದಿರು ನಿನ್ನೆ ಎಷ್ಟು ಗಂಟೆ ದುಡಿದರು? ಅದಕ್ಕೆ ಕೂಲಿ ಕಟ್ಟಿದರೆ ಎಷ್ಟು?
4. ಮನೆಯಲ್ಲಿರುವ ಶೇಂಗಾ ಚೀಲವನ್ನು ಇಂದೇ ಬಿಚ್ಚಿ ನೋಡೋಣವೇ?